ಪರರ ಪರವಾಗಿ ಕ್ಷಮಿಸಬಹುದೇ?

1974ರ ಆಗಸ್ಟ್ 9ರಂದು ವಾಟರ್‌ಗೇಟ್ ಹಗರಣದ ನಿಕ್ಸನ್ ಅಧಿಕಾರ ಬಿಟ್ಟಿಳಿದಾಗ ಅಮೆರಿಕದ ಜನ ನಿಟ್ಟುಸಿರುಬಿಟ್ಟರು. ಹೊಸ ಅಧ್ಯಕ್ಷ ಫೋರ್ಡ್ ಅವರನ್ನು ನೂರಕ್ಕೆ 71 ಮಂದಿ ಮೆಚ್ಚಿದ್ದರು. ಸೆಪ್ಟೆಂಬರ್ 8ರ ಭಾನುವಾರ, ದೇವಾಲಯದ ಆರಾಧನೆ ಮುಗಿಸಿ ಬಂದ ಫೋರ್ಡ್, ವಿಚಾರಣೆಗೆ ಮುನ್ನವೇ ನಿಕ್ಸನ್‌ಗೆ ಸಂಪೂರ್ಣ ಕ್ಷಮಾದಾನ ನೀಡಿದರು. ಮೆಚ್ಚುಗೆ 50ಕ್ಕೆ ಕುಸಿಯಿತು.

ಅಂದು ಇದನ್ನು ವಿರೋಧಿಸಿದ್ದ ಸೆನೆಟರ್ ಎಡ್ವರ್ಡ್ ಕೆನಡಿ, 2001ರಲ್ಲಿ ಫೋರ್ಡ್ ಅವರಿಗೆ ಧೈರ್ಯಕ್ಕಾಗಿ ಪ್ರಶಸ್ತಿ ಸಂದಾಗ, ದೇಶದ ಗಾಯ ಮಾಯಲು ಆ ಕ್ಷಮೆ ಬೇಕಿತ್ತೆಂದು ಒಪ್ಪಿಕೊಂಡರು.

ಹಾಗಾದರೆ ಜನರ ಸಿಟ್ಟು ತಪ್ಪೇ? ಅಲ್ಲ. ನಮಗಾದ ನೋವನ್ನು ಕ್ಷಮಿಸುವುದು ನಮಗೆ ಬಿಟ್ಟದ್ದು. ಎಲ್ಲರಿಗಾದ ಅನ್ಯಾಯವನ್ನು ಒಬ್ಬರೇ ಕ್ಷಮಿಸಿದಾಗ, ಸತ್ಯ ಹೊರಬರಲಿ ಎಂದು ಕೇಳುವ ಹಕ್ಕು ಉಳಿದವರಿಗಿದೆ. ಮನೆಯಲ್ಲೂ ಅಷ್ಟೇ: ತಪ್ಪೊಪ್ಪಿಗೆಗೆ ಜಾಗ ಬಿಡದೆ ಹಿರಿಯರು ಜಗಳ ಮುಗಿಸಿದರೆ ಶಾಂತಿ ಬಂದೀತು, ಸಮಾಧಾನ ಬಾರದು.