ತುಪ್ಪದ ಸಾಲು

ಮೊಮ್ಮಗಳಿಗೆ ಮೂರು ತುಂಬಿತು. "ಮಾವಾರ, ಯಾವ ಅಂಗನವಾಡಿಗೆ ಹಚ್ಚೋಣು, ನೀವ ನೋಡಿ ಬರ್ರಿ" ಎಂದಳು ಸೊಸೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದೇನು ಮಹಾ? ಡೋಣಿ ಊರಿನ ಸುತ್ತಮುತ್ತ ಎರಡು ಕಡೆ ಹೋಗಿ ಕುಳಿತು ಬಂದೆ. ಯಾವುವು ಎಂದು ಹೇಳುವುದಿಲ್ಲ.

ಮೊದಲನೆಯದು ಮನೆಗೆ ಹತ್ತಿರ. ಗೋಡೆಯ ಮೇಲಿನ ಆನೆಗೆ ಸೊಂಡಿಲಷ್ಟೇ ಉಳಿದಿದೆ. ನೀರು ಕೊಡದಲ್ಲಿ ಹೊತ್ತು ತರಬೇಕು. ಅಂದು ತತ್ತಿ ಕೊಡುವ ದಿನ. ಸಹಾಯಕಿ ಒಂದೊಂದೇ ಸುಲಿದು ಕೊಡುತ್ತಿದ್ದಳು. ಎಲ್ಲರ ಕೈಗೆ ಬರುವ ತನಕ ಯಾರೂ ಬಾಯಿಗೆ ಹಾಕುವಂತಿಲ್ಲ ಎಂಬುದು ಅವಳ ಕಟ್ಟಳೆ. ಒಬ್ಬ ಹುಡುಗ ತತ್ತಿಯನ್ನು ಮೂಗಿಗೆ ಹಿಡಿದು ಮೂಸುತ್ತ ಕಾದಿದ್ದ. ಎರಡನೆಯದಕ್ಕೆ ಹೊಸ ಕಟ್ಟಡ, ನಳ, ಬಣ್ಣದ ಕುರ್ಚಿ, ಕಪ್ಪತಗುಡ್ಡ ಕಾಣುವ ಕಿಟಕಿ.

ಇಂಥ ಅಂಗಳ ನಮ್ಮ ನಾಡಿನಲ್ಲಿ ಮೊದಲು ತೆರೆದದ್ದು 1975ರಲ್ಲಿ, ತಿ. ನರಸೀಪುರದ ಕಡೆ. ಕೂಲಿಗೆ ಹೋಗುವವಳ ಕೂಸಿಗೂ ಹೊಲದ ಒಡೆಯನ ಕೂಸಿಗೂ ಒಂದೇ ಚಾಪೆ ಎಂಬ ಲೆಕ್ಕ. ಶರಣರ ದಾಸೋಹದ ಲೆಕ್ಕವೂ ಅದೇ.

ಪಂಕ್ತಿಭೇದ ಪಾಪ ಎಂದು ಶಾಲೆಯಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೋ! ಆದರೆ ಅದು ಬಡಿಸುವವನ ಪಾಪ ಎಂದೇ ತಿಳಿದಿದ್ದೆ. ಒಂದು ಸಾಲಿಗೆ ತುಪ್ಪ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಎಲೆ ಎತ್ತಿಕೊಂಡು ತುಪ್ಪದ ಸಾಲಿಗೆ ಹೋಗಿ ಕೂಡುವವನದು ಏನು? ಹಾಗೆ ಎದ್ದು ಹೋಗುವವರು, "ಇಲ್ಲಿಗೂ ತುಪ್ಪ ತರ್ರಿ" ಎಂದು ಕೂಗಬಲ್ಲವರೇ. ಪಂಚಾಯಿತಿಯಲ್ಲಿ ನನ್ನ ಮಾತು ನಡೆಯುತ್ತದೆ. ಆಡು ಮೇಯಿಸುವವಳ ಮಾತು ನಡೆಯುವುದಿಲ್ಲ. ಕಪ್ಪತಗುಡ್ಡ ಉಳಿಯಲಿ ಎಂದು 2017ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳು ಗದಗಿನಲ್ಲಿ ಧರಣಿ ಕೂತಾಗ ನಾನೂ ಹೋಗಿ ಕೂತಿದ್ದೆ. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಒಂದು ನಳಕ್ಕಾಗಿ ಎಲ್ಲಿಯೂ ಕೂತವನಲ್ಲ.

ಇನ್ನೊಂದು ಮಗ್ಗುಲೂ ಇದೆ. ವ್ರತ ಹಿಡಿದವನು ತಾನು ಉಪವಾಸ ಬೀಳಬೇಕು, ಕೂಸನ್ನು ಕೆಡವಬಾರದು. ನನ್ನ ಸಮತೆಯ ಸಲುವಾಗಿ ಮೂರು ವರ್ಷದ ಹುಡುಗಿ ಯಾಕೆ ನೀರಿಲ್ಲದ ಕಡೆ ಕೂಡಬೇಕು? ಈ ಮಾತು ಸುಳ್ಳಲ್ಲ. ಅದು ನನಗೆ ಅನುಕೂಲದ ಮಾತು ಎಂಬುದೂ ಸುಳ್ಳಲ್ಲ.

ಮೊಮ್ಮಗಳನ್ನು ಎರಡನೆಯದಕ್ಕೇ ಹಚ್ಚಿದೆವು. ನಳದ ಅರ್ಜಿ ಬರೆದಿಟ್ಟಿದ್ದೇನೆ. ಇನ್ನೂ ಕಿಸೆಯಲ್ಲೇ ಇದೆ.

ಡಂಬಳದ ರೊಟ್ಟಿ ಜಾತ್ರೆಗೆ ಹೋಗಿದ್ದೆ. ಜಾತಿ ಕೇಳದೆ ಊರೆಲ್ಲ ಒಟ್ಟಿಗೆ ಕೂತು ಜೋಳದ ರೊಟ್ಟಿ ಉಣ್ಣುವ ಜಾತ್ರೆ. ತಲೆ ಎತ್ತಿ ನೋಡಿದರೆ ಪಕ್ಕದಲ್ಲೇ ಆ ಸಹಾಯಕಿ. "ಗುರುಗಳ, ಮೊಮ್ಮಗಳು ಬರ್ತಾಳ ಅಂತ ಹಾದಿ ನೋಡಿದ್ವಿರಿ" ಎಂದಳು. ಕರಿಂಡಿ ಬಡಿಸುವವನು ಎದುರಿಗೆ ಬಂದಿದ್ದ. ಇನ್ನಷ್ಟು ಹಾಕಪ್ಪ ಎಂದು ಅವನತ್ತ ತಿರುಗಿದೆ.