ಹೆಸರು ಗೊತ್ತಿಲ್ಲದವನ ಹಕ್ಕು



ಪರೀಕ್ಷೆಯಲ್ಲಿ ನಕಲು ಮಾಡುವುದು ತಪ್ಪು ಎಂದು ಹೇಳುವುದಕ್ಕೆ ಒಂದು ಲೇಖನ ಬೇಕೆ ಎಂದು ತಾವು ಕೇಳಬಹುದು. ತಪ್ಪೆಂಬುದು ನಮ್ಮ ಮಕ್ಕಳಿಗೂ ಗೊತ್ತು, ನಮಗೂ ಗೊತ್ತು. ಆದರೆ ಎಂತಹ ತಪ್ಪು? ನಮ್ಮಲ್ಲಿ ಹೆಚ್ಚಿನವರು ಇದನ್ನು ಹುಡುಗನಿಗೂ ಪರೀಕ್ಷಾ ಮಂಡಳಿಗೂ ನಡುವಿನ ಒಂದು ಸಣ್ಣ ವ್ಯವಹಾರವೆಂದು ತಿಳಿದಿದ್ದಾರೆ. ಸಿಕ್ಕಿಬಿದ್ದರೆ ಶಿಕ್ಷೆ, ಸಿಕ್ಕದಿದ್ದರೆ ಅದೃಷ್ಟ. ಕಳ್ಳತನವೆಂದರೆ ಮುಖ ತಿರುಗಿಸುವ ಸಜ್ಜನರೂ ಮಗನ ಜೇಬಿನಲ್ಲಿದ್ದ ಚೀಟಿಯ ಸುದ್ದಿ ಕೇಳಿ ನಕ್ಕುಬಿಡುತ್ತಾರೆ. ಈ ನಗುವಿನ ಬಗ್ಗೆಯೇ ನಾನಿಲ್ಲಿ ತಮ್ಮೊಂದಿಗೆ ಮಾತಾಡಬೇಕಾಗಿದೆ.

ಮೊದಲು ನಮ್ಮ ಊರಿನ ಸ್ಥಿತಿಯನ್ನು ನೋಡೋಣ. ಬೀಳಗಿ ತಾಲೂಕಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಆಲಮಟ್ಟಿ ಜಲಾಶಯದ ಹಿನ್ನೀರು ಈ ಎರಡೂ ನದಿಗಳ ದಡದ ಹೊಲ, ಮನೆ, ಮಸೀದಿ, ಗುಡಿಗಳನ್ನು ನುಂಗಿತು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇನ್ನೂ ತಲೆಯ ಮೇಲೆ ತೂಗುತ್ತಿದೆ. ಹೊಲ ಕಳೆದುಕೊಂಡವನಿಗೆ ಒಂದು ಸತ್ಯ ಚೆನ್ನಾಗಿ ಅರ್ಥವಾಗಿದೆ: ನೀರಿನಲ್ಲಿ ಮುಳುಗದ ಆಸ್ತಿಯೆಂದರೆ ಮಕ್ಕಳ ವಿದ್ಯೆ ಮಾತ್ರ. ಆದ್ದರಿಂದಲೇ ಗ್ಯಾರೇಜಿನವನೂ ಹಣ್ಣಿನ ಗಾಡಿಯವನೂ ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಖಾಸಗಿ ಹೈಸ್ಕೂಲಿಗೆ ಸೇರಿಸುತ್ತಾರೆ. ಅಲ್ಲಿಂದ ಬಾಗಲಕೋಟೆ, ವಿಜಯಪುರ, ಧಾರವಾಡಗಳ ಪಿಯು ಕಾಲೇಜಿಗೆ ಕಳಿಸುತ್ತಾರೆ. ಇನ್ನೂ ಧೈರ್ಯವಿದ್ದವರು ಮೂಡಬಿದಿರೆಗೋ ಬೀದರಿಗೋ ಕಳಿಸುತ್ತಾರೆ. ಬೀದರಿನಲ್ಲಿ 1989ರಲ್ಲಿ ಕೆಲವೇ ಮಕ್ಕಳೊಂದಿಗೆ ಆರಂಭವಾದ ಶಾಹೀನ್ ಸಂಸ್ಥೆಯಿಂದ ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝ್ ಮಕ್ಕಳು ಸಹ ವೈದ್ಯಕೀಯ ಕಾಲೇಜಿನ ಮೆಟ್ಟಿಲೇರಿದ್ದನ್ನು ಕೇಳಿ ಎಷ್ಟೋ ತಾಯಂದಿರ ಕಣ್ಣಲ್ಲಿ ಆಸೆ ಮೂಡಿದೆ. ಇದು ಮೆಚ್ಚತಕ್ಕ ಆಸೆ. ವಿದ್ಯೆಯನ್ನರಸುವುದು ನಮ್ಮ ಧರ್ಮದಲ್ಲಿ ಕರ್ತವ್ಯವೇ ಆಗಿದೆ.

ಆದರೆ ಈ ದಾರಿಯ ಪ್ರತಿ ತಿರುವಿನಲ್ಲೂ ಒಂದು ಅಂಕಿಯನ್ನು ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು? ಅದರ ಮೇಲೆ ಪಿಯು ಕಾಲೇಜಿನ ಪ್ರವೇಶ, ಅದರ ಮೇಲೆಯೇ ಶುಲ್ಕದಲ್ಲಿ ರಿಯಾಯಿತಿ. ಹೀಗೆ ಅಂಕ ಹಣವಾಗುತ್ತದೆ. ಹಣವಾದಲ್ಲಿ ಮೋಸದ ಆಸೆಯೂ ಹುಟ್ಟುತ್ತದೆ.

2024ರ ಮಾರ್ಚಿನಲ್ಲಿ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ತಾವು ಮರೆತಿರಲಾರಿರಿ. ಆ ವರ್ಷ ಮೊದಲ ಬಾರಿಗೆ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು, ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ದೂರದಿಂದಲೇ ನೋಡುವ ವ್ಯವಸ್ಥೆಯಾಯಿತು. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ 2024ರಲ್ಲಿ ಶೇಕಡಾ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಪ್ರಶ್ನೆಪತ್ರಿಕೆ, ಪಾಠದ ಕೊರತೆ ಇತ್ಯಾದಿ ಬೇರೆ ಕಾರಣಗಳೂ ಇರಬಹುದು. ಆದರೂ ಗೋಡೆಗೆ ಅಂಟಿಸಿದ ಒಂದು ಕಣ್ಣು ಇಷ್ಟೊಂದು ಮಕ್ಕಳ ಕೈಯನ್ನು ಹಿಡಿದಿತೆಂದರೆ, ಅದಕ್ಕೂ ಹಿಂದೆ ಆ ಕೊಠಡಿಗಳಲ್ಲಿ ನೋಡುವವನು ಯಾರೂ ಇರಲಿಲ್ಲವೇ?

ಖಲೀಫಾ ಉಮರ್(ರ)ರ ಕಾಲದ ಒಂದು ಪ್ರಸಿದ್ಧ ಘಟನೆಯನ್ನು ಚರಿತ್ರಕಾರರು ಹೇಳುತ್ತಾರೆ. ರಾತ್ರಿ ಮದೀನಾದ ಬೀದಿಯಲ್ಲಿ ಗಸ್ತು ತಿರುಗುತ್ತಿದ್ದ ಅವರ ಕಿವಿಗೆ ಒಂದು ಗುಡಿಸಲಿನಿಂದ ಮಾತು ಬಿತ್ತು. ಹಾಲಿಗೆ ನೀರು ಬೆರೆಸು ಎಂದು ತಾಯಿ ಹೇಳುತ್ತಿದ್ದಳು. ಖಲೀಫರು ಅದನ್ನು ನಿಷೇಧಿಸಿದ್ದಾರೆ ಎಂದು ಮಗಳು ಹೇಳಿದಳು. ಉಮರ್ ಇಲ್ಲೇನು ನೋಡುತ್ತಾರೆ ಎಂದಳು ತಾಯಿ. ಉಮರ್ ನೋಡದಿದ್ದರೂ ಉಮರ್‌ರ ಪ್ರಭು ನೋಡುತ್ತಾನೆ ಎಂದಳು ಮಗಳು. ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಒಂದು ಅಂಶವನ್ನು ಮರೆಯುತ್ತೇವೆ. ಅಲ್ಲಿ ಮೋಸದ ಸಲಹೆ ಕೊಟ್ಟವಳು ಮಗಳಲ್ಲ, ತಾಯಿ. ಸಲಹೆ ಮನೆಯೊಳಗಿನಿಂದಲೇ ಬಂದಿತ್ತು. ಇಂದು ಪರೀಕ್ಷಾ ಕೇಂದ್ರದ ಕಾಂಪೌಂಡಿನ ಹೊರಗೆ ಚೀಟಿ ಹಿಡಿದು ನಿಲ್ಲುವವರು ಯಾರು? ಅಣ್ಣ, ಮಾವ, ಕೆಲವೊಮ್ಮೆ ಸ್ವತಃ ತಂದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಮೋಸದಿಂದ ನಷ್ಟವಾಗುವುದು ಯಾರಿಗೆ? ನಮ್ಮ ಭಾಗದ ರೈತನನ್ನು ಕೇಳಿದರೆ ಅವನು ತಕ್ಷಣ ಉತ್ತರಿಸಬಲ್ಲ. ವರ್ಷವಿಡೀ ಬೆಳೆದ ಕಬ್ಬನ್ನು ಕಾಟಾದ ಮೇಲೆ ಇಟ್ಟಾಗ ಅವನ ಎದೆ ಬಡಿದುಕೊಳ್ಳುತ್ತದೆ. ತೂಕದಲ್ಲಿ ಒಂದು ಕ್ವಿಂಟಲ್ ಆಚೀಚೆಯಾದರೆ ಅದು ತನ್ನ ಬೆವರಿನ ಕಳ್ಳತನ ಎಂದು ಅವನಿಗೆ ಗೊತ್ತು. ತೂಕ ಮತ್ತು ಅಳತೆಯಲ್ಲಿ ವಂಚಿಸುವವರನ್ನು ಎಚ್ಚರಿಸಲಿಕ್ಕಾಗಿಯೇ ಪವಿತ್ರ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವಿದೆ. ಪ್ರವಾದಿ ಶುಐಬ್(ಅ)ರು ಮದ್‌ಯನ್‌ನ ಜನರಿಗೆ ಏಕದೇವತ್ವದ ಜೊತೆಜೊತೆಗೇ ಸರಿಯಾದ ತೂಕವನ್ನೂ ಬೋಧಿಸಿದರು. ಪರೀಕ್ಷೆಯೂ ಒಂದು ತಕ್ಕಡಿ. ಅದರಲ್ಲಿ ತೂಗುವುದು ಧಾನ್ಯವನ್ನಲ್ಲ, ಮಕ್ಕಳ ಶ್ರಮವನ್ನು.

ಈ ತಕ್ಕಡಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಸೀಟಿನ ರ‍್ಯಾಂಕನ್ನು ನಿರ್ಧರಿಸುವಾಗ ಸಿಇಟಿಯ ಅಂಕಗಳಿಗೆ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ. ಒಬ್ಬ ಹುಡುಗ ಈ ಮೂರು ವಿಷಯಗಳ 300 ಅಂಕಗಳಲ್ಲಿ 30 ಅಂಕಗಳನ್ನು ನಕಲಿನಿಂದ ಪಡೆದನೆನ್ನಿ. ಒಟ್ಟು 100ರಲ್ಲಿ ಅವನು 5 ಮೆಟ್ಟಿಲು ಮೇಲೆ ಹೋದ. ಈ 5ರ ಅಂತರದಲ್ಲಿ ಸಾವಿರಾರು ಮಕ್ಕಳು ನಿಂತಿರುತ್ತಾರೆ. ಅವರೆಲ್ಲ ಒಂದೊಂದು ಸ್ಥಾನ ಕೆಳಗೆ ಸರಿದರು. ಸರ್ಕಾರಿ ಶುಲ್ಕದ ಕೊನೆಯ ಸೀಟಿನ ಹತ್ತಿರ ನಿಂತಿದ್ದ ಒಂದು ಮಗು ಹೊರಗುಳಿಯಿತು. 2ಬಿ ಪ್ರವರ್ಗದ ಸೀಟಾಗಿದ್ದರೆ ಹೊರಗುಳಿದದ್ದು ಇನ್ನೊಂದು ಮುಸ್ಲಿಂ ಮಗುವೇ. ಅದು ಇಳಕಲ್ಲಿನ ದರ್ಜಿಯ ಮಗಳಿರಬಹುದು, ರಬಕವಿಯ ಮಗ್ಗದ ಕೂಲಿಯ ಮಗನಿರಬಹುದು. ಬೇರೆ ಧರ್ಮದ ಮಗುವಾಗಿದ್ದರೂ ಪಾಪ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ನ್ಯಾಯದ ವಿಷಯದಲ್ಲಿ ನಮ್ಮವರು, ಪರರು ಎಂಬ ಭೇದವನ್ನು ಅಲ್ಲಾಹನು ಒಪ್ಪಿಲ್ಲ.

ಇದೇ ಅಭ್ಯಾಸ ದೊಡ್ಡದಾದಾಗ ಏನಾಗುತ್ತದೆ ಎಂಬುದನ್ನು ನಾಡು ಕಂಡಿದೆ. 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಕೇಂದ್ರದಿಂದ ಆರಂಭಿಸಿ ಅಕ್ರಮಗಳು ಒಂದೊಂದಾಗಿ ಹೊರಬಂದವು. 2022ರ ಏಪ್ರಿಲಿನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದುಗೊಳಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೋಸ ಮಾಡಿದವರು ಕೆಲವರು. ಆದರೆ ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರೂ ಅವರೊಂದಿಗೆ ಮುಳುಗಿದರು. ಕೆಲವರ ವಯಸ್ಸು ಸರಿಯಿತು, ಕೆಲವರ ಮದುವೆ ಮುರಿಯಿತು, ಎಲ್ಲರ ಮೇಲೂ ಅನುಮಾನದ ನೆರಳು ಬಿತ್ತು.

ಇಸ್ಲಾಮಿನಲ್ಲಿ ಪಾಪಗಳು ಎರಡು ಬಗೆಯವು. ಅಲ್ಲಾಹನ ಹಕ್ಕಿಗೆ ಸಂಬಂಧಿಸಿದವು ಒಂದು, ಮನುಷ್ಯರ ಹಕ್ಕಿಗೆ ಸಂಬಂಧಿಸಿದವು ಇನ್ನೊಂದು. ಮೊದಲನೆಯದಕ್ಕೆ ಪಶ್ಚಾತ್ತಾಪಪಟ್ಟು ಕಣ್ಣೀರಿಟ್ಟರೆ ಪರಮ ದಯಾಳುವಾದ ಅಲ್ಲಾಹನು ಕ್ಷಮಿಸಬಹುದು. ಎರಡನೆಯದರಲ್ಲಿ ಕಸಿದುಕೊಂಡದ್ದನ್ನು ಮರಳಿಸಬೇಕು, ಇಲ್ಲವೇ ಹಕ್ಕುಳ್ಳವನು ಮನ್ನಿಸಬೇಕು. ಪ್ರವಾದಿವರ್ಯರು(ಸ) ಒಮ್ಮೆ ಅನುಚರರೊಡನೆ ದಿವಾಳಿ ಯಾರೆಂದು ಕೇಳಿದರು. ಹಣವಿಲ್ಲದವನು ಎಂದು ಅವರು ಉತ್ತರಿಸಿದರು. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ, ಇತರರ ಹಕ್ಕನ್ನು ಕಸಿದುದಕ್ಕಾಗಿ ಅಂತ್ಯದಿನ ಆ ಪುಣ್ಯಗಳನ್ನೆಲ್ಲ ಅವರಿಗೆ ಹಂಚಿ ಬರಿಗೈಯಾಗುವವನೇ ನಿಜವಾದ ದಿವಾಳಿ ಎಂದು ಪ್ರವಾದಿ(ಸ) ತಿಳಿಸಿದರು.

ಇಲ್ಲಿದೆ ನಕಲಿನ ನಿಜವಾದ ಭಯಂಕರತೆ. ನೆರೆಯವನ ಕುರಿ ಕದ್ದವನು ಅವನ ಬಾಗಿಲಿಗೆ ಹೋಗಿ ಕ್ಷಮೆ ಕೇಳಬಲ್ಲ. ಆದರೆ ಅಂಕ ಕದ್ದವನು ಯಾರ ಬಾಗಿಲಿಗೆ ಹೋಗಬೇಕು? ಕೆಳಗೆ ಸರಿದ ಮಗುವಿನ ಹೆಸರು ಅವನಿಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ತನ್ನ ಹಕ್ಕು ಹೋದದ್ದು ಆ ಮಗುವಿಗೂ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ. ಲೆಕ್ಕದ ದಿನ ಅವನೇ ಆ ಇಬ್ಬರನ್ನೂ ಎದುರುಬದುರು ನಿಲ್ಲಿಸುವನು.

ಇದಕ್ಕೆ ನಮ್ಮವರು ಕೊಡುವ ಕೆಲವು ಸಮಾಧಾನಗಳಿವೆ. ಇದು ಲೌಕಿಕ ವಿದ್ಯೆ, ಇದರಲ್ಲಿ ನಕಲು ಮಾಡಿದರೆ ದೀನಿಗೇನು ಧಕ್ಕೆ ಎನ್ನುವವರಿದ್ದಾರೆ. ಧಾನ್ಯದ ವ್ಯಾಪಾರವೂ ಲೌಕಿಕವೇ. ಮೇಲೆ ಒಣ ಕಾಳು, ಒಳಗೆ ಒದ್ದೆ ಕಾಳು ಇಟ್ಟಿದ್ದ ವ್ಯಾಪಾರಿಯ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿ ನೋಡಿದರು, ವಂಚಕನು ನಮ್ಮವನಲ್ಲ ಎಂದು ಸಾರಿದರು. ಒಳಗೆ ಒದ್ದೆಯಿರುವ ಅಂಕಪಟ್ಟಿ ಅದಕ್ಕಿಂತ ಹೇಗೆ ಭಿನ್ನ? ಗೆಳೆಯನಿಗೆ ತೋರಿಸುವುದು ಸಹಾಯವಲ್ಲವೇ ಎಂದು ಕೇಳುವವರಿದ್ದಾರೆ. ಒಳಿತಿನಲ್ಲಿ ಸಹಕರಿಸಬೇಕೆಂದ ಕುರ್‌ಆನ್ ಪಾಪದಲ್ಲಿ ಸಹಕರಿಸಬಾರದೆಂದೂ ಅದೇ ಉಸಿರಿನಲ್ಲಿ ಆಜ್ಞಾಪಿಸಿದೆ.

ಮೂರನೆಯ ಮಾತು ಮಾತ್ರ ಭಾರವಾದದ್ದು. ಶ್ರೀಮಂತರ ಮಗ ಎಸಿ ಕೋಚಿಂಗಿನಲ್ಲಿ ಕಲಿಯುತ್ತಾನೆ, ನಮ್ಮ ಮಗ ಭಾನುವಾರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುತ್ತಾನೆ. ಸ್ಪರ್ಧೆಯೇ ಅನ್ಯಾಯದ್ದಾಗಿರುವಾಗ ಬಡವನ ಚೀಟಿ ಮಾತ್ರ ಅನ್ಯಾಯವೇ? ಈ ನೋವು ಸುಳ್ಳಲ್ಲ. ಆದರೆ ವಿಚಾರಿಸಿ ನೋಡಿ. ನಕಲಿನಿಂದ ಮೇಲೇರುವ ಬಡ ಹುಡುಗ ಮೇಲಿನ ಶ್ರೀಮಂತನನ್ನು ಕೆಳಗಿಳಿಸುವುದಿಲ್ಲ. ತನ್ನ ಪಕ್ಕದಲ್ಲೇ, ತನ್ನಷ್ಟೇ ಕಷ್ಟದಲ್ಲಿ ನಿಂತವನನ್ನು ತಳ್ಳುತ್ತಾನೆ. ಅಲ್ಲದೆ ನಕಲಿನಲ್ಲೂ ಉಳ್ಳವನದೇ ಮೇಲುಗೈ. ಕೇಂದ್ರದಲ್ಲಿ ಪರಿಚಯ, ಕೈಯಲ್ಲಿ ಹಣ, ಮೊದಲೇ ದೊರಕುವ ಪ್ರಶ್ನೆಪತ್ರಿಕೆ ಯಾರಿಗಿರುತ್ತವೆ? 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಬಾರಿ ಸೋರಿಕೆಯಾದಾಗ, ರಾತ್ರಿಯಿಡೀ ಓದಿದ ಬಡ ಮಕ್ಕಳೂ ಮೂರನೆಯ ಸಲ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು. ತಕ್ಕಡಿ ಸರಿಯಿದ್ದರೆ ಬಡವನಿಗೆ ಒಂದು ಆಸೆಯಾದರೂ ಉಳಿದಿರುತ್ತದೆ. ಕೆಟ್ಟ ತಕ್ಕಡಿಯಿಂದ ಲಾಭ ಪಡೆಯುವವನು ಯಾವಾಗಲೂ ಅಂಗಡಿಯ ಮಾಲೀಕನೇ. ಕ್ಯಾಮೆರಾ ಬಂದ ಅದೇ 2024ರಲ್ಲಿ 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದವಳು ನಮ್ಮ ಪಕ್ಕದ ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತನ ಮಗಳು. ಎಲ್ಲರೂ ಅವಳಾಗಲಾರರು, ನಿಜ. ಆದರೆ ಬಡವರ ಮಕ್ಕಳು ಪಡೆದ ಅಂಕವನ್ನು ಜನ ಅನುಮಾನದಿಂದ ನೋಡದಿರಬೇಕಾದರೆ ತಕ್ಕಡಿ ಶುದ್ಧವಾಗಿರಲೇಬೇಕು.

ಶಾಲೆಗಳ ಹೊಣೆಯನ್ನೂ ಹೇಳದಿರಲಾಗದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನದವು. ಪಿಯು ವಿಜ್ಞಾನ ವಿಷಯಗಳಲ್ಲಿ 30 ಅಂಕ ಪ್ರಾಯೋಗಿಕ ಪರೀಕ್ಷೆಯದು. ಪ್ರಯೋಗಾಲಯದ ಬೀಗವನ್ನೇ ತೆಗೆಯದೆ 30ಕ್ಕೆ 30 ಬರೆದುಕೊಡುವ ಸಂಸ್ಥೆಗಳು ನಾಡಿನಲ್ಲಿಲ್ಲವೇ? ಮುಂದಿನ ವರ್ಷದ ಪ್ರವೇಶಕ್ಕೆ ಈ ವರ್ಷದ ಫ್ಲೆಕ್ಸ್ ಬೇಕು ಎಂಬ ಕಾರಣಕ್ಕೆ ಅಧ್ಯಾಪಕನ ಲೇಖನಿ ಓಡುತ್ತದೆ. ಓ ಅಧ್ಯಾಪಕ ಬಂಧುಗಳೇ, ಅಂಕ ಬರೆಯುವುದೆಂದರೆ ಸಾಕ್ಷಿ ನುಡಿಯುವುದು. ಈ ಮಗು ಇಷ್ಟನ್ನು ಬಲ್ಲದು ಎಂಬ ಸಾಕ್ಷಿ. ಸುಳ್ಳು ಸಾಕ್ಷಿಯನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ.

ಮನೆಯವರಲ್ಲಿ ಒಂದು ವಿನಂತಿ. ಮಗು ಪರೀಕ್ಷೆ ಮುಗಿಸಿ ಬಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಎಷ್ಟು ಬರುತ್ತದೆ ಎಂದು ಕೇಳುತ್ತೇವೆ. ಹೇಗೆ ಬರೆದೆ ಎಂದು ಕೇಳುವುದು ಅಪರೂಪ. ಶೇಕಡಾ 90 ಬಂದರೆ ಮಿಠಾಯಿ, 45 ಬಂದರೆ ಮೌನ. ಪ್ರಾಮಾಣಿಕವಾಗಿ ಸೋತ ಮಗುವಿಗೆ ಮನೆಯಲ್ಲಿ ಜಾಗವಿಲ್ಲವೆಂದಾದರೆ, ನಕಲು ಮಾಡೆಂದು ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅದು ಹೇಳಿದಂತೆಯೇ ಆಯಿತು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಒಮ್ಮೆ ಬಿದ್ದವನು ವರ್ಷವಿಡೀ ಕಾಯದೆ ಮತ್ತೆ ಬರೆಯಬಲ್ಲ. ಸರ್ಕಾರವೇ ಸೋತವನಿಗೆ ಬಾಗಿಲು ತೆರೆದಿರುವಾಗ ಹೆತ್ತವರು ಮುಚ್ಚುವುದು ಸರಿಯೇ? ತನ್ನದೇ ಆದ 45 ಅಂಕಗಳನ್ನು ತಂದ ಮಗುವಿನ ಬೆನ್ನು ತಟ್ಟಿ. ಅದರಲ್ಲಿ ಯಾರ ಋಣವೂ ಇಲ್ಲ.

ಹಿಂದೆ ಈ ತಪ್ಪು ಮಾಡಿ ಇಂದು ಕೆಲಸದಲ್ಲಿರುವವರೂ ಈ ಪುಟವನ್ನು ಓದುತ್ತಿರಬಹುದು. ಅವರು ನಿರಾಶರಾಗಬೇಕಿಲ್ಲ. ಮಾಡುತ್ತಿರುವ ಕೆಲಸವನ್ನು ಸಮರ್ಥವಾಗಿ, ನಿಷ್ಠೆಯಿಂದ ಮಾಡುವವನು ತೌಬಾ ಮಾಡಿಕೊಂಡರೆ ಅವನ ಸಂಪಾದನೆ ಧರ್ಮಬದ್ಧವೇ ಎಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆದರೆ ಹೆಸರು ಗೊತ್ತಿಲ್ಲದವನ ಹಕ್ಕಿನ ವಿಷಯವೇನು? ಒಡೆಯನು ಪತ್ತೆಯಾಗದ ಸೊತ್ತನ್ನು ಅವನ ಹೆಸರಿನಲ್ಲಿ ದಾನ ಮಾಡಬೇಕೆಂದು ವಿದ್ವಾಂಸರು ಹೇಳುತ್ತಾರೆ. ಆ ದಾರಿಯನ್ನೇ ಇಲ್ಲಿಯೂ ಹಿಡಿಯಬಹುದಲ್ಲವೇ? ಒಂದು ಬಡ ಮಗುವಿನ ಪಿಯು ಶುಲ್ಕವನ್ನು ಸದ್ದಿಲ್ಲದೆ ಕಟ್ಟಿ. ಇಶಾ ನಮಾಝಿನ ಬಳಿಕ ಮೊಹಲ್ಲಾದ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಿ. ಎಂದೋ ಕೆಳಗೆ ಸರಿದ ಆ ಮಗುವಿಗಾಗಿ, ಅದು ಈಗ ಎಲ್ಲಿದ್ದರೂ, ದುಆ ಮಾಡಿ. ಕೋಚಿಂಗಿಲ್ಲದ ಮಕ್ಕಳ ಚೀಟಿಗೆ ನಿಜವಾದ ಉತ್ತರವೂ ಇದೇ ಆಗಿದೆ.

ಯಾವ ಕ್ಯಾಮೆರಾವೂ ಇಲ್ಲದ ಕೊಠಡಿಯಲ್ಲಿಯೂ ನಿನ್ನ ದೃಷ್ಟಿಯ ಅರಿವಿರುವ ಮಕ್ಕಳನ್ನು, ಮತ್ತು ಅಂತಹ ಮಕ್ಕಳಿಗೆ ತಕ್ಕವರಾದ ತಂದೆತಾಯಂದಿರನ್ನು ನಮ್ಮ ಮನೆಗಳಿಗೆ ಅನುಗ್ರಹಿಸು, ಅಲ್ಲಾಹನೇ. ಆಮೀನ್.