ಕಾಗದದ ಹೊನ್ನು

ಚಿನ್ನದ ತಂತಿಯನ್ನು ಸುತ್ತಿ ಬೆಸೆದು ಮಾಡುವ ಜಾಲರಿಯ ಕೆಲಸವನ್ನು ಕಾಗದದ ಎಳೆಗಳಿಂದ ಅನುಕರಿಸುವ ಕಲೆಯೊಂದು ಯೂರೋಪು ಖಂಡದಲ್ಲಿ ಬಹುಕಾಲದಿಂದ ಬಂದಿದೆ. ಇಂಗ್ಲಿಷಿನಲ್ಲಿ ಇದನ್ನು ಕ್ವಿಲ್ಲಿಂಗ್ ಎನ್ನುವರು. ಹಕ್ಕಿಯ ಗರಿಯ ದಂಟಿಗೆ ಕ್ವಿಲ್ ಎಂದು ಹೆಸರು. ಪೂರ್ವದಲ್ಲಿ ಎಳೆಗಳನ್ನು ಆ ದಂಟಿಗೆ ಸುತ್ತುತ್ತಿದ್ದರಂತೆ. ಚಿನ್ನವಲ್ಲದುದನ್ನು ಚಿನ್ನದಂತೆ ತೋರಿಸುವ ಈ ಉದ್ಯೋಗವು ನಿರ್ದುಷ್ಟವಾದುದೇ? ಮಕ್ಕಳ ವಿನೋದಕ್ಕಾಗಿ ಕಲಿಸುವ ಕೈಕೆಲಸದ ವಿಷಯದಲ್ಲಿ ಇಂಥ ಪ್ರಶ್ನೆಯೇ ಅತಿಯಾಯಿತೆಂದು ಕೆಲವರು ನಗಬಹುದು. ಆದರೆ ಸತ್ಯಾಸತ್ಯಗಳ ವಿವೇಕವು ದೊಡ್ಡ ವ್ಯವಹಾರಗಳಿಗೆ ಮಾತ್ರ ಮೀಸಲಾದುದಲ್ಲ.

16 ಮತ್ತು 17ನೆಯ ಶತಮಾನಗಳಲ್ಲಿ ಫ್ರಾನ್ಸು, ಇಟಲಿ ದೇಶಗಳ ಕ್ರೈಸ್ತ ಸನ್ಯಾಸಿನಿಯರು, ಗ್ರಂಥಗಳ ಹೊನ್ನಂಚಿನ ಹಾಳೆಗಳಿಂದ ಕತ್ತರಿಸಿದ ಎಳೆಗಳನ್ನು ಸುರುಳಿ ಸುತ್ತಿ, ದೇವರ ಪಟಗಳನ್ನೂ ಸಾಧುಸಂತರ ಅವಶೇಷಗಳನ್ನಿಡುವ ಕರಂಡಕಗಳನ್ನೂ ಅಲಂಕರಿಸುತ್ತಿದ್ದರು. ನಿಜವಾದ ಚಿನ್ನದ ಕೆಲಸವು ಬಡ ಮಠಗಳಿಗೆ ಎಟುಕತಕ್ಕದ್ದಲ್ಲ. ಇಲ್ಲಿ ಪೂರ್ವಪಕ್ಷವು ಏಳುತ್ತದೆ: ದೇವರ ಸನ್ನಿಧಿಯಲ್ಲಿಯೂ ಹುಸಿಯೇ? ಕಾಗದವನ್ನು ಕಾಗದವೆಂದೇ ಅರ್ಪಿಸಬಾರದಾಗಿತ್ತೆ?

ವೇದಾಂತಿಗಳು ಭ್ರಮೆಗೆ ಕೊಡುವ ದೃಷ್ಟಾಂತವು ಶುಕ್ತಿರಜತ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಬಗೆದು ಕೈಚಾಚುವವನಿಗೆ ಚಿಪ್ಪಿನ ಅರಿವಿರುವುದಿಲ್ಲ. ಚಿಪ್ಪೆಂದು ತಿಳಿದ ಕ್ಷಣವೇ ಬೆಳ್ಳಿಯೂ ಹೋಯಿತು, ಅದರ ಸಂತೋಷವೂ ಹೋಯಿತು. ಆಲಂಕಾರಿಕರು ಹೇಳುವ ರೂಪಕವು ಹಾಗಲ್ಲ. ಮುಖವನ್ನು ಚಂದ್ರನೆಂದು ಹೇಳುವ ಕವಿಗಾಗಲಿ ಕೇಳುವ ಸಹೃದಯನಿಗಾಗಲಿ ಅದು ಮುಖವೆಂಬ ಅರಿವು ಒಂದು ಗಳಿಗೆಯೂ ತಪ್ಪದು. ಆ ಅರಿವಿರುವುದರಿಂದಲೇ ಆನಂದ. ಸನ್ಯಾಸಿನಿಯರ ಹೊನ್ನು ಈ ಎರಡನೆಯ ಜಾತಿಗೆ ಸೇರಿದುದು. ಹತ್ತಿರ ಹೋಗಿ ಕಾಗದವೆಂದು ಕಂಡವನ ಮೆಚ್ಚುಗೆಯು ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಈ ವಿವೇಕವು ಹೊಸದಾಗಿ ಕಲಿಯುವವನ ಬೆರಳಿಗೇ ಬರಬೇಕಾಗಿದೆ. ಸುಮಾರು 3 ಮಿಲಿಮೀಟರು ಅಗಲದ ಎಳೆಯ ತುದಿಯನ್ನು ಸೀಳುಳ್ಳ ಕಡ್ಡಿಗೆ ಸಿಕ್ಕಿಸಿ ಸುತ್ತಿ, ಸಡಿಲಗೊಡದೆ ಕೊನೆಯನ್ನು ಅಂಟಿಸಿದರೆ ಬಿಗಿಸುರುಳಿಯಾಗುವುದು. ಅಂಟಿಸುವ ಮೊದಲು ಬಿಟ್ಟು, ತಾನಾಗಿ ಅರಳಿದ ಬಳಿಕ ಅಂಟಿಸಿದರೆ ಸಡಿಲಸುರುಳಿ. ಅದನ್ನು ಒಂದು ಬದಿಯಲ್ಲಿ ಚಿವುಟಿದರೆ ಹನಿ; ಎದುರುಬದುರಾಗಿ ಎರಡು ಕಡೆ ಚಿವುಟಿದರೆ ಕಣ್ಣು; ಮೂರು ಕಡೆಯಾದರೆ ತ್ರಿಕೋಣ, ನಾಲ್ಕಾದರೆ ಚೌಕ. ಎಳೆಯ ಎರಡು ತುದಿಗಳನ್ನೂ ವಿರುದ್ಧ ದಿಕ್ಕಿಗೆ ಸುತ್ತಿ ಅಂಟಿಸದೆ ಬಿಟ್ಟರೆ ಬಳ್ಳಿಯ ಕುಡಿಯಾಗುವುದು. ಅಕ್ಷರಮಾಲೆಯು ಹೆಚ್ಚುಕಡಮೆ ಇಷ್ಟೇ, ಉಳಿದುದೆಲ್ಲ ಕಾಗುಣಿತ.

ಆರು ಹನಿಗಳು ಕೂಡಿದರೆ ಒಂದು ಹೂ. ಆದರೆ ಒಂದು ಸುರುಳಿಯು ಮಿಕ್ಕವುಗಳಿಗಿಂತ ಹೆಚ್ಚಾಗಿ ಅರಳಿದ್ದರೆ ಹೂವೆಲ್ಲ ಓರೆಯಾಗುತ್ತದೆ. ಆದುದರಿಂದ ಎಳೆಗಳ ಉದ್ದವೂ ಸಮನಾಗಿರಬೇಕು, ಅರಳುವ ಅವಕಾಶವೂ ಸಮನಾಗಿರಬೇಕು. ಇದಕ್ಕಾಗಿಯೇ ಗುಂಡು ಕುಳಿಗಳುಳ್ಳ ಹಲಗೆಯನ್ನು ಇಟ್ಟುಕೊಳ್ಳುವರು. ಆತುರಗಾರನು ಹಲಗೆಯನ್ನು ಬದಿಗೊತ್ತಿ ಮೊದಲ ದಿನವೇ ಹೂವಿಗೆ ಕೈಹಾಕುತ್ತಾನೆ. ಎಸಳುಗಳ ನಡುವಣ ಸಂದುಗಳನ್ನು ಅಂಟಿನಿಂದ ತುಂಬುತ್ತಾನೆ. ಅಂಟು ಒಣಗಿ ಮಿನುಗುತ್ತ ಅವನ ಗುಟ್ಟನ್ನೆಲ್ಲ ಹೇಳಿಬಿಡುತ್ತದೆ.

ನುರಿತವರೂ ಒಂದನ್ನು ಮರೆಸುವುದುಂಟು. ಅಂಟಿಸಿದ ಕೊನೆಯು ಎಲ್ಲಿರುವುದೋ ಅಲ್ಲಿಯೇ ಅವರು ಚಿವುಟುವರು. ಸಂಧಿಯು ಮೊನೆಯಲ್ಲಿ ಅಡಗಿಹೋಗುವುದು. ಇದೂ ವಂಚನೆಯಲ್ಲವೆ ಎಂದರೆ, ಅಲ್ಲ. ಅತಿಥಿಗೆ ಅಡುಗೆಮನೆಯ ಹೊಗೆಯನ್ನು ತೋರಿಸದಿರುವುದನ್ನು ಸುಳ್ಳೆಂದು ಯಾರೂ ಹೇಳಲಾರರು. ಹಳಸಿದ್ದನ್ನು ಒಗ್ಗರಣೆಯಿಂದ ಮುಚ್ಚಿ ಬಡಿಸುವುದು ಬೇರೆಯ ಮಾತು.

ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಸಿರಿವಂತ ಸ್ತ್ರೀಯರಿಗೆ ಈ ಕೆಲಸವು ಬಿಡುವಿನ ಹವ್ಯಾಸವಾಯಿತು. 1791ರಲ್ಲಿ ಮೂರನೆಯ ಜಾರ್ಜ್ ದೊರೆಯ ಮಗಳು ಎಲಿಜಬೆತ್ ರಾಜಕುಮಾರಿಗೆ ಅರಮನೆಯ ಪೀಠೋಪಕರಣಗಳ ಕುಶಲಿ ಚಾರ್ಲ್ಸ್ ಎಲಿಯಟ್ 15 ಔನ್ಸು ಬಗೆಬಗೆಯ ಕಾಗದವನ್ನೂ ಒಂದು ಔನ್ಸು ಚಿನ್ನದ ಕಾಗದವನ್ನೂ ಒದಗಿಸಿದನು. ಜೇನ್ ಆಸ್ಟೆನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಕಾದಂಬರಿಯಲ್ಲಿ ಲೂಸಿ ಎಂಬಾಕೆ ಇಂಥ ಬುಟ್ಟಿಯೊಂದನ್ನು ಮನೆಯೊಡತಿಯ ಮುದ್ದುಮಗುವಿಗಾಗಿ ಮಾಡುತ್ತಾಳೆ. ಆ ಸಂಜೆ ಅವಳಿಗೆ ಇಸ್ಪೀಟು ಆಡುವ ಮನಸ್ಸು. ಒಡತಿಯ ಸೂಚನೆ ಕಿವಿಗೆ ಬಿದ್ದೊಡನೆ, ಬುಟ್ಟಿಗಿಂತ ಪ್ರಿಯವಾದುದಿಲ್ಲವೆಂದು ನಟಿಸುತ್ತಾಳೆ. ಎಲಿನರ್ ಕಾಗದ ಸುತ್ತಿಕೊಡಲು ಮುಂದಾಗುತ್ತಾಳೆ; ಅವಳಿಗೂ ಬೇಕಾದುದು ಬುಟ್ಟಿಯಲ್ಲ, ಲೂಸಿಯೊಡನೆ ಗುಟ್ಟಾಗಿ ಮಾತನಾಡುವ ಅವಕಾಶ. ಹೀಗೆ ಒಂದೇ ಮೇಜಿನಲ್ಲಿ ಇಬ್ಬರ ಅಂತರಂಗವೂ ಮರೆಯಾಗಿದೆ. ನಡುವೆ ಇರುವ ಸುರುಳಿಯೊಂದೇ ಏನನ್ನೂ ಮುಚ್ಚಿಡದೆ ಕುಳಿತಿದೆ. ಕಾಗದವನ್ನು ಹಳಿಯುವವರು ಈ ಪ್ರಸಂಗವನ್ನು ಓದತಕ್ಕದ್ದು.

ಇಂದು ನಮ್ಮ ಊರುಗಳಲ್ಲಿಯೂ ಬಿಗಿಸುರುಳಿಯನ್ನು ನಡುವೆ ಒತ್ತಿ ಬಟ್ಟಲಿನಂತೆ ಉಬ್ಬಿಸಿ, ಒಳಗೆ ಅಂಟು ಬಳಿದು ಗಟ್ಟಿಮಾಡಿ, ಹೊರಗೆ ಮೆರುಗೆಣ್ಣೆ ಹಚ್ಚಿ ಜುಮುಕಿಗಳನ್ನು ಮಾಡಿ ಮಾರುವ ಹೆಣ್ಣುಮಕ್ಕಳುಂಟು. ಬಣ್ಣವೂ ಹೊಳಪೂ ಕೂಡಿದಾಗ ದೂರದಿಂದ ಲೋಹವೋ ಕಾಗದವೋ ತಿಳಿಯದು. ಕೊಳ್ಳುವಾಕೆ ಕೇಳದಿದ್ದರೂ ಮಾರುವಾಕೆ ಹೇಳಬೇಕಾದ ಮಾತು ಒಂದಿದೆ: ಇದು ಕಾಗದ, ಸ್ನಾನಕ್ಕೆ ಮುಂಚೆ ತೆಗೆದಿಡಿ.